ಬಣ್ಣ ಬಂದದ್ದೋ, ಬರಿಸಿದ್ದೋ? ಕರಾವಳಿಯ ನಾಣ್ಯ ಸಂಗ್ರಾಹಕರಿಗೆ ಟೋನಿಂಗ್ ಮಾರ್ಗದರ್ಶಿ

ಜೂನ್ ಮೊದಲ ವಾರ ಕಪಾಟಿನಲ್ಲಿಟ್ಟ ಬೆಳ್ಳಿ ರೂಪಾಯಿಯನ್ನು ನವರಾತ್ರಿಯ ಹೊತ್ತಿಗೆ ತೆಗೆದು ನೋಡಿದರೆ ಅಂಚಿನ ಸುತ್ತ ಜೇನುಬಣ್ಣದ ಉಂಗುರ ಮೂಡಿರುತ್ತದೆ. ಮಂಗಳೂರು, ಉಡುಪಿಯ ಸಂಗ್ರಾಹಕರಿಗೆ ಇದು ಹೊಸತಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿದ ಮಳೆ, ಕಡಲಿನ ಉಪ್ಪುಗಾಳಿ, ತಿಂಗಳುಗಟ್ಟಲೆ ಆರದ ತೇವ ಇರುವಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ. ಬೆಳ್ಳಿ ಬಣ್ಣ ಬದಲಿಸಿದರೆ ಆಶ್ಚರ್ಯವೇನು?

ಹೀಗೆ ತಾನಾಗಿ ಏರಿದ ಬಣ್ಣಕ್ಕೆ ಸಂಗ್ರಾಹಕರು ಟೋನಿಂಗ್ ಎನ್ನುತ್ತಾರೆ. ಚೆನ್ನಾಗಿ ಬಂದರೆ ಅದಕ್ಕೆ ಹೆಚ್ಚಿನ ಬೆಲೆ. ಬೆಲೆ ಇದೆಯೆಂದ ಮೇಲೆ ಅದನ್ನು ಅಡುಗೆಮನೆಯಲ್ಲಿ ಒಂದು ಗಂಟೆಯಲ್ಲಿ ತಯಾರಿಸಿ ಮಾರುವವರೂ ಇದ್ದೇ ಇರುತ್ತಾರೆ. ತೊಡಕು ಇಷ್ಟೇ: ಎರಡರ ರಸಾಯನವೂ ಬಹುಮಟ್ಟಿಗೆ ಒಂದೇ. ಬೆಳ್ಳಿಗೆ ಗಂಧಕ ತಾಗಿದೆ, ಅಷ್ಟೆ. ಆದ್ದರಿಂದ ಒಂದು ಹನಿ ಏನನ್ನೋ ಹಾಕಿ ‘ಇದು ಅಸಲಿ, ಇದು ನಕಲಿ’ ಎಂದು ಹೇಳುವ ಪರೀಕ್ಷೆ ಇಲ್ಲ. ನಾಣ್ಯದ ಲೋಹ, ಅದು ಇದ್ದ ಜಾಗ, ಅದರ ಮೇಲಿನ ಬಣ್ಣ, ಈ ಮೂರೂ ಒಂದೇ ಮಾತು ಹೇಳುತ್ತವೆಯೇ ಎಂದು ನೋಡುವುದೇ ಪರೀಕ್ಷೆ.

ಬಣ್ಣದ ಸರದಿ

ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್‌ನಂಥ ಗಂಧಕದ ಅನಿಲಗಳು ತೇವದ ಸಹಾಯದಿಂದ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಪದರ ಕಟ್ಟುತ್ತವೆ. ಪದರ ತಲೆಕೂದಲಿನ ದಪ್ಪದ ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿ ಇರುವಾಗ ಅದರ ಮೇಲ್ಮೈಯಿಂದ ಮರಳಿದ ಬೆಳಕೂ ಕೆಳಗಿನ ಲೋಹದಿಂದ ಮರಳಿದ ಬೆಳಕೂ ಒಂದಕ್ಕೊಂದು ಬೆರೆತು ಕೆಲವು ಬಣ್ಣಗಳು ಅಳಿಯುತ್ತವೆ, ಉಳಿದವು ಎದ್ದು ಕಾಣುತ್ತವೆ. ಮಲ್ಪೆ ಬಂದರಿನ ನೀರಿನ ಮೇಲೆ ಡೀಸೆಲ್ ಹರಡಿದಾಗ ಕಾಣುವ ಕಾಮನಬಿಲ್ಲೂ ಇದೇ. ಅಲ್ಲಿಯೂ ಬಣ್ಣ ಇರುವುದು ಡೀಸೆಲ್‌ನಲ್ಲಲ್ಲ, ಪದರದ ದಪ್ಪದಲ್ಲಿ.

ದಪ್ಪ ಹೆಚ್ಚಿದಂತೆ ಬಣ್ಣಗಳು ಒಂದು ಸರದಿಯಲ್ಲೇ ಬರುತ್ತವೆ. ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು:

ಮಾಸಲು ಹಳದಿ, ಬಂಗಾರ, ಕಂದುಗೆಂಪು, ಕೆನ್ನೇರಳೆ, ಕಡುನೀಲಿ, ತಿಳಿನೀಲಿ. ಇಲ್ಲಿಗೆ ಮೊದಲ ಸುತ್ತು. ಮತ್ತೆ ತಿಳಿಹಳದಿ, ಗುಲಾಬಿ-ಕೆನ್ನೇರಳೆ, ನೀಲಿ-ಹಸಿರು, ಇದು ಎರಡನೆಯದು. ಆಮೇಲೆ ಪದರ ದಪ್ಪವಾಗಿ ಬೆಳಕನ್ನೇ ನುಂಗಿ ಬೂದು, ಕೊನೆಗೆ ಕಪ್ಪು.

ಇದರಲ್ಲಿ ಹಸಿರಿನ ಜಾಗ ಗಮನಿಸಿ. ಅದು ಮೊದಲ ಸುತ್ತಿನಲ್ಲಿ ಇಲ್ಲ. ಬೆಳ್ಳಗಿನ ಮೈಗೆ ಅಂಟಿಕೊಂಡಂತೆ ನೇರವಾಗಿ ಹಸಿರು ಶುರುವಾದರೆ, ನಡುವೆ ಹಳದಿ, ಕೆನ್ನೇರಳೆ, ನೀಲಿಗಳ ತೆಳು ಗೆರೆಯಾದರೂ ಇಲ್ಲದಿದ್ದರೆ, ಆ ಹಸಿರು ತಾಮ್ರದ ಕಿಲುಬಿರಬಹುದು, ಪ್ಲಾಸ್ಟಿಕ್‌ನ ಜಿಡ್ಡಿರಬಹುದು, ಬಣ್ಣ ಬಳಿದದ್ದೂ ಇರಬಹುದು. ಟೋನಿಂಗ್ ಅಂತೂ ಅಲ್ಲ.

ಯಾವ ಲೋಹಕ್ಕೆ ಯಾವ ಬಣ್ಣ

ನಮ್ಮ ಕಡೆ ಮನೆಗಳ ಕಲೆಂಬಿಯಿಂದ (ದೊಡ್ಡ ಮರದ ಪೆಟ್ಟಿಗೆಯಿಂದ) ಹೊರಬರುವ ಬೆಳ್ಳಿಯಲ್ಲಿ ಹೆಚ್ಚಿನದು ಬ್ರಿಟಿಷ್ ಇಂಡಿಯಾದ ರೂಪಾಯಿ, ಅರ್ಧ ರೂಪಾಯಿ, ಪಾವಲಿಗಳು. ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಶೇ. 91.7, ಉಳಿದದ್ದು ತಾಮ್ರ. ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಕಾಲದುದ್ದಕ್ಕೂ ಇದೇ ಪ್ರಮಾಣ. ಇವುಗಳಲ್ಲಿ ಮೇಲಿನ ಸರದಿ ಚೊಕ್ಕವಾಗಿ ಕಾಣುತ್ತದೆ.

1940ರಲ್ಲಿ ಯುದ್ಧದ ಒತ್ತಡಕ್ಕೆ ಬೆಳ್ಳಿ ಅರ್ಧಕ್ಕಿಳಿಯಿತು: ಶೇ. 50 ಬೆಳ್ಳಿ, 40 ತಾಮ್ರ, 5 ನಿಕಲ್, 5 ಸತು. 1945ರವರೆಗಿನ ಆರನೇ ಜಾರ್ಜ್ ರೂಪಾಯಿಗಳು ಹೀಗಿವೆ. ತಾಮ್ರ ಇಷ್ಟಿರುವುದರಿಂದ ಇವು ಸಾಮಾನ್ಯವಾಗಿ ಮಂಕು ಹಳದಿ, ಬೂದುಗಂದು ಬಣ್ಣಕ್ಕೆ ತಿರುಗುತ್ತವೆ. ಸವೆದ 1944ರ ರೂಪಾಯಿಯ ಮೇಲೆ ನವಿಲುಗರಿಯಂಥ ಬಣ್ಣ ಕಂಡರೆ ಕೈ ಹಿಂದೆಳೆಯುವುದು ಲೇಸು. 1947ರ ರೂಪಾಯಿ ನಿಕಲ್. ಅದಕ್ಕೆ ಬಣ್ಣ ಏರುವುದೇ ಕಡಿಮೆ. ಅದರ ಮೇಲೆ ಕಾಮನಬಿಲ್ಲು ಇದ್ದರೆ ಬೆಂಕಿ ತೋರಿಸಿದ್ದಾರೆಂದೇ ಮೊದಲು ಅನುಮಾನಿಸಿ.

1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ 15 ಗ್ರಾಂ ತೂಕದ, ಶೇ. 80 ಬೆಳ್ಳಿಯ ನಾಣ್ಯ. ಚಲಾವಣೆಯಾಗದ ಪ್ರತಿಗಳು ಇನ್ನೂ ಸುಲಭವಾಗಿ ಸಿಗುವುದರಿಂದ ಬಣ್ಣ ಏರಿಸುವವರಿಗೂ ಇದು ಅಚ್ಚುಮೆಚ್ಚು. ಅಲ್ಯೂಮಿನಿಯಂ ಪೈಸೆಗಳಿಗೆ ಟೋನಿಂಗ್ ಇಲ್ಲ. ಉಪ್ಪುಗಾಳಿಗೆ ಬಿಳಿ ಹುಡಿ ಏಳುತ್ತದೆ, ಅದು ಹಾಳಾಗುವ ಲಕ್ಷಣ.

ನೋಡುವ ಕ್ರಮ

ಬೇಕಾದದ್ದು: ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್, 0.01 ಗ್ರಾಂ ತೋರಿಸುವ ತಕ್ಕಡಿ, ಕುತ್ತಿಗೆ ಬಾಗಿಸಬಹುದಾದ ಮೇಜಿನ ದೀಪ, ಬಿಳಿ ಕಾಗದ, ಕೆಳಗೆ ಹಾಸಲು ಮೆತ್ತನೆ ಬಟ್ಟೆ. ದೀಪ ಒಂದೇ ಬಲ್ಬಿನದ್ದಿರಲಿ. ಟ್ಯೂಬ್‌ಲೈಟಿನ ಕೆಳಗೆ ಲಸ್ಟರ್ (ಅಚ್ಚಿನಿಂದಲೇ ಬಂದ ಹೊಳಪು) ಸತ್ತುಹೋಗುತ್ತದೆ. ಕೈಗವಸು ಹಾಕುವುದಾದರೆ ನೈಟ್ರೈಲ್‌ನದ್ದು. ಲೇಟೆಕ್ಸ್ ಗವಸಿನಲ್ಲಿ ಗಂಧಕ ಇರುತ್ತದೆ. ಗವಸಿಲ್ಲದಿದ್ದರೂ ನಡೆಯುತ್ತದೆ, ಬೆರಳು ಅಂಚನ್ನು ಬಿಟ್ಟು ಒಳಗೆ ಹೋಗಬಾರದು.

1. ಮೊದಲು ಬಣ್ಣವನ್ನು ಮರೆತು ನಾಣ್ಯ ನೋಡಿ. ತೂಕ ಹಾಕಿ. ರೂಪಾಯಿ 11.66ರ ಬದಲು 10.9 ತೂಗಿದರೆ ಅದು ಸವೆದದ್ದೋ, ನಕಲಿಯೋ ಎಂಬ ಪ್ರಶ್ನೆ ಮೊದಲು ಬರುತ್ತದೆ. ಅಂಚಿನಲ್ಲಿ ಬೆಸುಗೆಯ ಗುರುತು ಇದೆಯೇ ನೋಡಿ; ರೂಪಾಯಿ ಸರ ಮಾಡಿಸಿ ಧರಿಸಿದ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ. ಬೆಸುಗೆಯ ಶಾಖದಿಂದ ಕೊಕ್ಕೆಯಿದ್ದ ಜಾಗದ ಸುತ್ತ ಮಾತ್ರ ಬೇರೆ ಬಣ್ಣ ಹತ್ತಿರುತ್ತದೆ.

2. ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಟಂಕಸಾಲೆಯಿಂದ ಬಂದ ಲಸ್ಟರ್ ಉಳಿದಿದ್ದರೆ ಗಾಡಿ ಚಕ್ರದ ಅರೆಗಳಂತೆ ಬೆಳಕಿನ ಪಟ್ಟಿ ಸುತ್ತುತ್ತದೆ. ನಿಜವಾದ ಟೋನಿಂಗ್‌ನ ಕೆಳಗೂ ಈ ಪಟ್ಟಿ ಓಡುತ್ತದೆ, ಬಣ್ಣಗಳು ಅದರ ಜೊತೆಗೇ ಹೊರಳುತ್ತವೆ. ಬಣ್ಣ ಗಾಢವಿದ್ದು ಪಟ್ಟಿ ಓಡದಿದ್ದರೆ ಒಂದೋ ಪದರ ವಿಪರೀತ ದಪ್ಪ, ಇಲ್ಲವೇ ಕೆಳಗಿನ ಮೈ ಮೊದಲೇ ಉಜ್ಜಿ ಕೆಟ್ಟಿದೆ.

3. ಈಗ ಸರದಿ ಹೊಂದಿಸಿ. ಬಣ್ಣ ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ ಬರುತ್ತದೆ, ಏಕೆಂದರೆ ಹೋಲ್ಡರ್‌, ಆಲ್ಬಂ, ಕಾಗದದ ಪೊಟ್ಟಣ ಯಾವುದೇ ಇರಲಿ, ಗಾಳಿ ನುಸುಳುವುದು ಅಂಚಿನಿಂದ. ಹಾಗಾಗಿ ಹೊರಗೆ ನೀಲಿ, ಅದರೊಳಗೆ ಕೆನ್ನೇರಳೆ, ಅದರೊಳಗೆ ಬಂಗಾರ, ನಡುವೆ ಬೆಳ್ಳಗೆ. ಇದು ಸರಿಯಾದ ಇಳಿಜಾರು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಬಣ್ಣ ಹಾರಿಹೋಗಿದ್ದರೆ ಅಲ್ಲಿ ಲೂಪ್ ಇಡಿ.

4. ಅಕ್ಷರಗಳ ಬುಡ ನೋಡಿ. ಅಚ್ಚು ಬಿದ್ದಾಗ ಲೋಹ ಹರಿದು ಅಕ್ಷರ, ಕಿರೀಟ, ಗಡ್ಡದೊಳಗೆ ಏರುತ್ತದೆ; ಆ ಹರಿವಿನ ಜಾಗದಲ್ಲಿ ಬಣ್ಣ ಬೇರೆ ವೇಗದಲ್ಲಿ ಕೂರುತ್ತದೆ. ತಾನಾಗಿ ಬಣ್ಣ ಏರಿದ ಚಲಾವಣೆಯಾಗದ ನಾಣ್ಯಗಳಲ್ಲಿ ಅಕ್ಷರದ ಸುತ್ತ ಕೂದಲೆಳೆಯಷ್ಟು ತಿಳಿಯಾದ ಅಂಚು ಉಳಿದಿರುವುದು ಒಳ್ಳೆಯ ಸೂಚನೆ. ದ್ರವ ಹಚ್ಚಿದಲ್ಲಿ ಇದಕ್ಕೆ ತಿರುಗುಮುರುಗು: ದ್ರವ ಅಕ್ಷರದ ಬುಡದಲ್ಲೇ ನಿಂತು ಒಣಗುವುದರಿಂದ ಅಲ್ಲೇ ಕಪ್ಪು ಹೆಚ್ಚು.

5. ಗೀರುಗಳನ್ನು ನೋಡಿ. ಇದು ಎಲ್ಲಕ್ಕಿಂತ ಹೆಚ್ಚು ಹೇಳುವ ಹೆಜ್ಜೆ, ಅವಸರ ಬೇಡ. ಬಣ್ಣದ ಕೆಳಗೆ ಒಂದೇ ದಿಕ್ಕಿನಲ್ಲಿ ಸಾಗುವ ನೂರಾರು ಕೂದಲು ಗೀರುಗಳಿದ್ದರೆ ಆ ನಾಣ್ಯವನ್ನು ಯಾರೋ ಹುಣಸೆಹುಳಿ, ವಿಭೂತಿ, ಹಲ್ಲುಪುಡಿ ಹಾಕಿ ತಿಕ್ಕಿದ್ದಾರೆ; ಬಣ್ಣ ಬಂದದ್ದು ಆಮೇಲೆ. ಲಕ್ಷ್ಮೀಪೂಜೆಗೆ ಇಡುವ ರೂಪಾಯಿಗಳ ಗತಿ ಬಹುತೇಕ ಇದೇ. ತಿಕ್ಕಿದ ನಂತರ ತಾನಾಗಿ ಏರಿದ ಬಣ್ಣವಾದರೂ ಅದು ತಿಕ್ಕಿದ ನಾಣ್ಯವೇ, ಬೆಲೆಯೂ ಹಾಗೆಯೇ. ಆಳವಾದ ಗೀರಿನೊಳಗೂ ಹೊರಗಿನಷ್ಟೇ ಬಣ್ಣ ಕೂತಿದ್ದರೆ ಬಣ್ಣ ಗೀರಿಗಿಂತ ಈಚಿನದು. ಗೀರು ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದರೆ ಗೀರೇ ಈಚಿನದು.

6. ಎರಡೂ ಮುಖ, ಜೊತೆಗೆ ಅಂಚಿನ ದಪ್ಪ ಭಾಗ ನೋಡಿ. ಒಂದು ಮುಖ ಗಾಢ, ಇನ್ನೊಂದು ತಿಳಿ ಇರುವುದು ಸಹಜ. ಒಂದು ಮಗ್ಗುಲು ಕಾಗದಕ್ಕೆ ತಾಗಿತ್ತು, ಇನ್ನೊಂದು ತಾಗಿರಲಿಲ್ಲ. ಎರಡೂ ಮುಖ, ಅಂಚು, ಅಂಚಿನ ಹಲ್ಲುಗಳ ಸಂದು ಎಲ್ಲ ಕಡೆ ಒಂದೇ ಸಮನೆ ಒಂದೇ ನೀಲಿ ಇದ್ದರೆ ನಾಣ್ಯ ಯಾವುದರಲ್ಲೋ ಮುಳುಗಿ ಬಂದಿದೆ.

7. ಮೂಗಿಗೆ ಹಿಡಿಯಿರಿ. ಇತ್ತೀಚೆಗೆ ಬಣ್ಣ ಏರಿಸಿದ ನಾಣ್ಯ ಪೊಟ್ಟಣ ಬಿಚ್ಚುವಾಗ ಬೆಂಕಿಕಡ್ಡಿ, ಕೊಳೆತ ಮೊಟ್ಟೆ, ವಾರ್ನಿಷ್ ವಾಸನೆ ಕೊಡುವುದುಂಟು.

ಆಮೇಲೆ ಮಾರುವವರನ್ನು ಕೇಳಿ: ಇದು ಎಲ್ಲಿತ್ತು? ಉತ್ತರವನ್ನು ಬಣ್ಣದ ಜೊತೆ ಹೊಂದಿಸಿ. ಹತ್ತಿಬಟ್ಟೆಯ ಚೀಲದಲ್ಲಿತ್ತು ಎಂದರೆ ನೇಯ್ಗೆಯ ಗುರುತು ಬಣ್ಣದಲ್ಲಿ ಇರಬೇಕು. ಅಮೆರಿಕದ ಮಾರ್ಗನ್ ಡಾಲರುಗಳು (1878ರಿಂದ 1904, ಮತ್ತೆ 1921) ಸಾವಿರದ ಲೆಕ್ಕದಲ್ಲಿ ಕ್ಯಾನ್ವಾಸ್ ಚೀಲಗಳಲ್ಲಿ ದಶಕಗಟ್ಟಲೆ ಖಜಾನೆಯಲ್ಲಿದ್ದವು. ಚೀಲಕ್ಕೆ ತಾಗಿದ ಮುಖದಲ್ಲಿ ನೇಯ್ಗೆ ಮೂಡಿ, ಪಕ್ಕದ ನಾಣ್ಯ ಮುಚ್ಚಿದ ಭಾಗ ಚಂದ್ರಕಲೆಯಂತೆ ಬೆಳ್ಳಗೆ ಉಳಿದದ್ದು ಅವುಗಳ ಹೆಗ್ಗುರುತು. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಕಾಗದ ಸುತ್ತಿದ್ದರೆ ತುದಿಯಲ್ಲಿದ್ದವಕ್ಕೆ ಮಾತ್ರ, ಅದೂ ಹೊರಮುಖಕ್ಕೆ ಮಾತ್ರ ಬಣ್ಣ. ಹಲಸಿನ ಮರದ ಪೆಟ್ಟಿಗೆಯಲ್ಲಿ ಮೂರು ತಲೆಮಾರು ಬಿಡಿಬಿಡಿಯಾಗಿ ಬಿದ್ದಿದ್ದ ನಾಣ್ಯ ಹೇಗಿರುತ್ತದೆ? ಸವೆದು, ಗುಂಡಿಗಳಲ್ಲಿ ಕೊಳೆ ಕೂತು, ಎತ್ತರದ ಭಾಗ ತಿಳಿಬೂದು, ತಗ್ಗು ಕಡುಬೂದು. ‘ಅಜ್ಜನ ಪೆಟ್ಟಿಗೆಯಿಂದ ಬಂದದ್ದು’ ಎಂದು ಕೊಡುವ ನಾಣ್ಯದ ಮೇಲೆ ಅಂಚಿನಿಂದ ಅಚ್ಚುಕಟ್ಟಾದ ಐದು ಬಣ್ಣದ ಉಂಗುರಗಳಿದ್ದರೆ ಅಜ್ಜನ ಕಥೆಯನ್ನಷ್ಟೇ ಕೇಳಿ ಎದ್ದು ಬನ್ನಿ.

ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ಕಾರ್ಪ್ ಬ್ಯಾಂಕ್ ಹೆರಿಟೇಜ್ ಮ್ಯೂಸಿಯಮ್‌ನ ನಾಣ್ಯಗಳನ್ನು ಈ ಕಣ್ಣಿನಿಂದ ಒಮ್ಮೆ ನೋಡಿ ಬರಬಹುದು. ಬೇರೆ ಬೇರೆ ಲೋಹಗಳು ಒಂದೇ ಊರಿನ ಗಾಳಿಗೆ ಹೇಗೆ ಒಗ್ಗಿವೆ ಎಂದು ಹೋಲಿಸಲು ಒಳ್ಳೆಯ ಜಾಗ.

ಕಣ್ಣು ಪಳಗಿಸಲು ಒಂದು ಪ್ರಯೋಗ

ಕೃತಕ ಟೋನಿಂಗ್ ಗುರುತಿಸಲು ಅದನ್ನು ಒಮ್ಮೆ ಮಾಡಿ ನೋಡುವುದಕ್ಕಿಂತ ದೊಡ್ಡ ಪಾಠ ಇಲ್ಲ. ಆದರೆ ನಾಣ್ಯದ ಮೇಲಲ್ಲ. ಅಕ್ಕಸಾಲಿಗರಿಂದ ಬೆಳ್ಳಿ ತಗಡಿನ ಒಂದೊಂದು ಸೆಂಟಿಮೀಟರಿನ ಎಂಟು ತುಂಡು ತನ್ನಿ. ಮುರಿದ ಕಾಲ್ಗೆಜ್ಜೆಯ ತುಂಡುಗಳೂ ಸಾಕು.

ಎಲ್ಲವನ್ನೂ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ, ಆರಿಸಿ. ಆರನ್ನು ಹಾಗೇ ಇಡಿ. ಏಳನೆಯದನ್ನು ಹುಣಸೆಹುಳಿಯಿಂದ ತಿಕ್ಕಿ ತೊಳೆಯಿರಿ. ಎಂಟನೆಯದರ ಮೇಲೆ ಹೆಬ್ಬೆರಳು ಒತ್ತಿ ಗುರುತು ಬಿಡಿ. ಒಂದು ಮೊಟ್ಟೆಯನ್ನು 12 ನಿಮಿಷ ಬೇಯಿಸಿ, ಸುಲಿದು, ಎರಡು ಹೋಳು ಮಾಡಿ ಒಂದು ಲೀಟರಿನ ಅಗಲ ಬಾಯಿಯ ಗಾಜಿನ ಬಾಟಲಿಯ ತಳದಲ್ಲಿಡಿ. ಬೆಳ್ಳಿಯ ತುಂಡುಗಳು ಮೊಟ್ಟೆಗೆ ತಾಗದಂತೆ ಸಣ್ಣ ಬಟ್ಟಲಿನಲ್ಲಿಟ್ಟು ಮುಚ್ಚಳ ಹಾಕಿ. ಐದೈದು ನಿಮಿಷಕ್ಕೆ ನೋಡುತ್ತಿರಿ. ಹಳದಿ ಹತ್ತಿಪ್ಪತ್ತು ನಿಮಿಷದಲ್ಲೇ ಕಾಣಿಸಿಕೊಳ್ಳಬಹುದು. ಮೊಟ್ಟೆಯ ಬಿಸಿ, ಬಾಟಲಿಯ ಗಾತ್ರ, ತೇವ ಇವುಗಳ ಮೇಲೆ ಹೆಚ್ಚುಕಡಿಮೆಯಾಗುತ್ತದೆ. ಹಳದಿ ಬಂದಾಗ ಒಂದು ತುಂಡು ಹೊರಗೆ, ಕಂದುಗೆಂಪಿಗೆ ಇನ್ನೊಂದು, ಕೆನ್ನೇರಳೆಗೆ, ನೀಲಿಗೆ, ತಿಳಿನೀಲಿಗೆ ಒಂದೊಂದು. ಕೊನೆಯದನ್ನು ರಾತ್ರಿಯಿಡೀ ಬಿಟ್ಟು ಕಪ್ಪಾಗಲು ಬಿಡಿ.

ಆರು ತುಂಡುಗಳನ್ನು ಸಾಲಾಗಿ ರಟ್ಟಿಗೆ ಅಂಟಿಸಿದರೆ ನಿಮ್ಮದೇ ಬಣ್ಣದ ಪಟ್ಟಿ ಸಿದ್ಧ. ಹುಣಸೆಯಿಂದ ತಿಕ್ಕಿದ ತುಂಡು ಬೇರೆಯವಕ್ಕಿಂತ ತೇಪೆತೇಪೆಯಾಗಿ ಬಣ್ಣ ಹಿಡಿದಿರುವುದನ್ನೂ, ಬೆರಳಿನ ಗುರುತು ಗೆರೆಗೆರೆಯಾಗಿ ಎದ್ದಿರುವುದನ್ನೂ ಲೂಪಿನಲ್ಲಿ ನೋಡಿ. ಇವೆರಡೂ ಅಂಗಡಿಯ ನಾಣ್ಯಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ಮಣಿಪಾಲದ ಎಸಿ ಕೋಣೆಯಲ್ಲಿ ಮಾಡಿದ ಪ್ರಯೋಗಕ್ಕೂ ಆಟಿ ತಿಂಗಳಲ್ಲಿ ಹಂಚಿನ ಮನೆಯ ಚಾವಡಿಯಲ್ಲಿ ಮಾಡಿದ್ದಕ್ಕೂ ವ್ಯತ್ಯಾಸ ಕಂಡರೆ ಅದು ತೇವದ ಕೆಲಸ.

ಬಣ್ಣ ಬರಿಸುವವರು ಎಲ್ಲಿ ಸಿಕ್ಕಿಬೀಳುತ್ತಾರೆ

ಮೊಟ್ಟೆ, ಗಂಧಕದ ಹುಡಿ, ಬೆಂಕಿಕಡ್ಡಿಯ ಹೊಗೆ ಇವೆಲ್ಲ ಅನಿಲದ ದಾರಿ. ಇದರಲ್ಲಿ ಸರದಿ ಸರಿಯಾಗಿಯೇ ಬರುತ್ತದೆ, ಏಕೆಂದರೆ ಪದರದ ನಿಯಮ ಮೋಸಗಾರರಿಗೂ ಒಂದೇ. ತಪ್ಪುವುದು ಹಂಚಿಕೆಯಲ್ಲಿ. ಒಂದು ಗಂಟೆಯಲ್ಲಿ ಮೇಲ್ಮುಖ ಪೂರ್ತಿ ನೀಲಿಗೆ ಹೋಗಿರುತ್ತದೆ, ಕೆಳಮುಖ ಇನ್ನೂ ಬೆಳ್ಳಗೆ. ಅಥವಾ ಇಡೀ ನಾಣ್ಯ ಕೆನ್ನೇರಳೆ-ನೀಲಿಯ ಒಂದೇ ಪಟ್ಟಿಯಲ್ಲಿ ನಿಂತಿರುತ್ತದೆ, ಏಕೆಂದರೆ ಮಾರಾಟವಾಗುವ ಬಣ್ಣ ಬಂದ ಕೂಡಲೇ ಹೊರಗೆ ತೆಗೆದಿದ್ದಾರೆ. ಸಹಜ ನಾಣ್ಯಕ್ಕೆ ಹಾಗೆ ನಿಲ್ಲುವ ಹೊತ್ತು ತಿಳಿಯದು.

ಅಕ್ಕಸಾಲಿಗರು ಆಭರಣಕ್ಕೆ ಹಳೆಯ ಛಾಯೆ ಕೊಡಲು ಬಳಸುವ ಪೊಟ್ಯಾಸಿಯಂ ಸಲ್ಫೈಡ್ ದ್ರವ ಎರಡನೇ ದಾರಿ. ದ್ರವ ಸೆಕೆಂಡುಗಳಲ್ಲಿ ಕೆಲಸ ಮಾಡುವುದರಿಂದ ಹನಿ ಜಾರಿದ ದಾರಿ, ಒಣಗಿದ ಕೊಳದ ಅಂಚು, ಅಕ್ಷರದ ಬುಡದ ಕಪ್ಪು ಉಳಿಯುತ್ತವೆ. ಬ್ಲೀಚ್ ತಾಗಿಸಿದ ನಾಣ್ಯದ ಬಣ್ಣ ಕಣ್ಣಿಗೆ ಚುಚ್ಚುವಂತಿದ್ದು ಮೈ ಹುಡಿಹುಡಿಯಾಗಿರುತ್ತದೆ. ಅದು ಸಲ್ಫೈಡ್ ಅಲ್ಲ, ಕ್ಲೋರಿನ್‌ನ ಕೆಲಸ.

ಮೂರನೆಯದು ಶಾಖ. ಕಾಗದದ ಲಕೋಟೆಯಲ್ಲಿಟ್ಟು ಓವನ್‌ಗೆ ಹಾಕುವುದು, ತವಾದ ಮೇಲೆ ಬಿಸಿ ಮಾಡುವುದು. ಶುದ್ಧ ಬೆಳ್ಳಿ ಬರೀ ಬಿಸಿಗೆ ಬಣ್ಣ ಕಟ್ಟುವುದಿಲ್ಲ, ಗಂಧಕ ಬೇಕೇ ಬೇಕು. ರೂಪಾಯಿಯೊಳಗಿನ ತಾಮ್ರ ಮಾತ್ರ ಕಂದಾಗುತ್ತದೆ. ಹಾಗಾಗಿ ಶಾಖದ ಬಣ್ಣ ಮಣ್ಣುಗೆಂಪಿನ ಮಬ್ಬಿನಂತೆ ಇರುತ್ತದೆ, ಲಸ್ಟರ್ ಬೆಂದುಹೋಗಿರುತ್ತದೆ.

ಹೀಗಿದ್ದರೂ ಗೆರೆ ಎಳೆಯಲಾಗದ ನಾಣ್ಯಗಳಿವೆ. ಗಂಧಕವಿರುವ ಹಳೆಯ ರಟ್ಟಿನ ಆಲ್ಬಂನಲ್ಲಿ ಬೇಕೆಂದೇ ನಾಣ್ಯ ಇಟ್ಟು ಹತ್ತು ವರ್ಷ ಬಿಟ್ಟರೆ ಅದು ಸಹಜವೋ ಕೃತಕವೋ? ನೋಡಿ ಹೇಳಲು ಸಾಧ್ಯವಿಲ್ಲ. ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಗ್ರೇಡಿಂಗ್ ಸಂಸ್ಥೆಗಳೂ ಇಲ್ಲಿ ಹೇಳುವುದು ಮಾರುಕಟ್ಟೆ ಒಪ್ಪುವ ಬಣ್ಣವೇ ಅಲ್ಲವೇ ಎಂಬುದನ್ನಷ್ಟೆ. ಅಂಥದೇ ಒಂದಾದ ಅಮೆರಿಕದ ಪಿಸಿಜಿಎಸ್ ಸಂಸ್ಥೆ ಅನುಮಾನದ ಬಣ್ಣಕ್ಕೆ 91 ಎಂಬ ಸಂಖ್ಯೆ ಕೊಟ್ಟು ಅಂಕವಿಲ್ಲದೆ ಕಳಿಸುತ್ತದೆ; ಆ ವಿವರಣೆಯಲ್ಲಿರುವುದು ‘ಪ್ರಶ್ನಾರ್ಹ’ ಎಂಬ ಪದ, ‘ನಕಲಿ’ ಎಂದಲ್ಲ. ಇನ್ನೊಂದು ವಿಷಯ: ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. 1918ರ ರೂಪಾಯಿಯನ್ನು ಗ್ರೇಡಿಂಗ್‌ಗೆಂದು ಸುಮ್ಮನೆ ಕೊರಿಯರ್ ಮಾಡಿ ವಿದೇಶಕ್ಕೆ ಕಳಿಸುವಂತಿಲ್ಲ.

ತಾಮ್ರ, ಕಂಚು

ಕಾಲಾಣೆಯಂಥ ನಾಣ್ಯಗಳು 1906ರವರೆಗೆ ತಾಮ್ರ, ಆಮೇಲೆ ಕಂಚು. ಹೊಸದಾಗಿದ್ದಾಗ ಕಿತ್ತಳೆಗೆಂಪು, ಕಾಲಕ್ರಮೇಣ ಕೆಂಗಂದು, ಕೊನೆಗೆ ಚಾಕೊಲೇಟ್ ಕಂದು. ಮೂಲ ಕೆಂಪು ಶೇ. 95ರಷ್ಟಾದರೂ ಉಳಿದಿದ್ದರೆ ರೆಡ್, ಶೇ. 5ಕ್ಕಿಂತ ಕಡಿಮೆಯಿದ್ದರೆ ಬ್ರೌನ್, ನಡುವಿನದು ರೆಡ್-ಬ್ರೌನ್ ಎಂದು ಪಿಸಿಜಿಎಸ್ ವಿಂಗಡಿಸುತ್ತದೆ. ಹುಳಿ ಹಾಕಿ ತೊಳೆದ ತಾಮ್ರದ ಕೆಂಪು ಬೇರೆ: ಅದು ಹಸಿ ಗುಲಾಬಿ, ಸಪ್ಪೆ, ಲಸ್ಟರ್ ಇಲ್ಲದ್ದು. ದೇವರ ಕೋಣೆಯ ತಾಮ್ರದ ಚೊಂಬು ತೊಳೆದ ದಿನ ಹೇಗೆ ಕಾಣುತ್ತದೋ ಹಾಗೆ. ಸವೆದ ಕಾಲಾಣೆ ಕೆಂಪಗಿದ್ದರೆ ಬೇರೆ ಪರೀಕ್ಷೆಯೇ ಬೇಡ. ಸವೆಯುವಷ್ಟು ಕೈದಾಟಿದ ತಾಮ್ರ ಕೆಂಪಾಗಿ ಉಳಿಯುವುದಿಲ್ಲ. ಕಂದು ತಾಮ್ರದ ಮೇಲೆ ಒಮ್ಮೆಗೇ ನೇರಳೆ-ನೀಲಿ ಇದ್ದರೆ ಎಂಎಸ್70 ಎಂಬ ನಾಣ್ಯ ತೊಳೆಯುವ ದ್ರವವನ್ನು ನೆನಪಿಸಿಕೊಳ್ಳಿ. ಅದು ಹಾಗೆ ಮಾಡುವುದಕ್ಕೆ ಹೆಸರುವಾಸಿ.

ಟಿಪ್ಪುವಿನ ಆನೆ ಪೈಸೆ, ಮೈಸೂರಿನ ಮಯಿಲಿ ಕಾಸುಗಳ ವಿಷಯದಲ್ಲಿ ಟೋನಿಂಗ್‌ಗಿಂತ ಕಿಲುಬಿನ ಚಿಂತೆ ಮುಖ್ಯ. ಗಟ್ಟಿಯಾಗಿ ಅಂಟಿಕೊಂಡ ನಯವಾದ ಕಡುಹಸಿರು ಇದ್ದರೆ ಇರಲಿ. ಉಗುರು ತಾಗಿಸಿದರೆ ಉದುರುವ ತಿಳಿಹಸಿರು ಹುಡಿ ಮಾತ್ರ ಅಪಾಯ. ಉಪ್ಪಿನ ಕ್ಲೋರೈಡ್ ತೇವದ ಜೊತೆ ಸೇರಿ ಆಮ್ಲವಾಗಿ, ತಾಮ್ರ ತಿಂದು, ಮತ್ತೆ ಕ್ಲೋರೈಡಾಗಿ ಸುತ್ತುತ್ತಲೇ ಇರುತ್ತದೆ. ಅಂಥ ನಾಣ್ಯವನ್ನು ಬೇರೆಯವುಗಳಿಂದ ದೂರವಿಟ್ಟು, ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ನೀರನ್ನು ದಿನಕ್ಕೊಮ್ಮೆ ಬದಲಿಸುತ್ತ ಎರಡು ಮೂರು ವಾರ ಬಿಡಿ. ಪೂರ್ತಿ ಒಣಗಿಸಿ ಆರ್ದ್ರತೆ ಶೇ. 40ರ ಒಳಗಿರುವ ಡಬ್ಬಿಯಲ್ಲಿಡಿ. ಮತ್ತೆ ಹುಡಿ ಎದ್ದರೆ ಇನ್ನೊಂದು ಸುತ್ತು.

ಕೊಳ್ಳುವಾಗ

ಆನ್‌ಲೈನ್ ಫೋಟೊದ ಬಣ್ಣ ನಂಬಬೇಡಿ. ಮೊಬೈಲಿನಲ್ಲಿ ಒಂದು ಗೆರೆ ಬಲಕ್ಕೆ ಎಳೆದರೆ ಬೂದುಬಣ್ಣವೂ ನವಿಲಾಗುತ್ತದೆ. ಬಿಳಿ ಕಾಗದದ ಮೇಲಿಟ್ಟು, ಕಿಟಕಿಯ ಬೆಳಕಲ್ಲಿ ತಿರುಗಿಸುತ್ತ ತೆಗೆದ ಹತ್ತು ಸೆಕೆಂಡಿನ ವಿಡಿಯೊ ಕೇಳಿ. ಕಾಗದ ಬೆಳ್ಳಗೆ ಕಂಡರೆ ಮಾತ್ರ ನಾಣ್ಯದ ಬಣ್ಣ ಲೆಕ್ಕಕ್ಕೆ. ನಂತರ ಅದೇ ಮಾರಾಟಗಾರರ ಉಳಿದ ನಾಣ್ಯಗಳನ್ನು ತೆರೆದು ನೋಡಿ. 1862ರ ರೂಪಾಯಿ, 1944ರ ಅರ್ಧ ರೂಪಾಯಿ, 1969ರ ಹತ್ತು ರೂಪಾಯಿ ಮೂರಕ್ಕೂ ಒಂದೇ ಥರದ ನೀಲಿ-ಕೆನ್ನೇರಳೆ ಇದ್ದರೆ ಅವು ಒಂದೇ ಬಾಟಲಿಯಿಂದ ಹೊರಬಂದವು.

ಬೆಲೆಯ ವಿಷಯದಲ್ಲಿ ಸಲಹೆ ಸರಳ: ಬಣ್ಣವಿಲ್ಲದ ಅದೇ ದರ್ಜೆಯ ನಾಣ್ಯಕ್ಕೆ ಎಷ್ಟು ಕೊಡುತ್ತೀರೋ ಅಷ್ಟು ಕೊಡಿ. ಬಣ್ಣಕ್ಕೆಂದು ಹೆಚ್ಚು ಕೊಡುವುದು ಮೇಲಿನ ಏಳೂ ಹೆಜ್ಜೆ ದಾಟಿದ ನಾಣ್ಯಕ್ಕೆ ಮಾತ್ರ. 1918-20ರ ರೂಪಾಯಿಗಳು ಬೇಕಾದಷ್ಟಿವೆ. ಅನುಮಾನದ ಒಂದು ಬಿಟ್ಟರೆ ನಷ್ಟವೇನಿಲ್ಲ.

ತೊಳೆಯಬೇಕೇ?

ಬೇಡ. ಅಂಗಡಿಯ ಸಿಲ್ವರ್ ಡಿಪ್‌ನಲ್ಲಿ ಥಯೋಯೂರಿಯಾ ಮತ್ತು ಆಮ್ಲ ಇರುತ್ತದೆ. ಅದು ಸಲ್ಫೈಡ್ ಕರಗಿಸುತ್ತದೆ ನಿಜ, ಆದರೆ ಆ ಸಲ್ಫೈಡ್‌ನಲ್ಲಿದ್ದ ಬೆಳ್ಳಿ ಒಂದು ಕಾಲಕ್ಕೆ ನಾಣ್ಯದ ಮೇಲ್ಮೈಯೇ ಆಗಿತ್ತು. ಲಸ್ಟರ್ ಕೊಡುವ ಸೂಕ್ಷ್ಮ ಗೆರೆಗಳೂ ಜೊತೆಗೇ ಹೋಗುತ್ತವೆ. ಅಲ್ಯೂಮಿನಿಯಂ ಹಾಳೆ ಮತ್ತು ಅಡುಗೆ ಸೋಡಾದ ವಿಧಾನದಲ್ಲಿ ಬೆಳ್ಳಿ ಮರಳಿ ಕೂರುತ್ತದೆ, ಆದರೆ ಮಂಕಾಗಿ.

ಮಾಡಬಹುದಾದದ್ದು ಅಸಿಟೋನ್ ಸ್ನಾನ ಒಂದೇ. ಲ್ಯಾಬ್ ಸಾಮಗ್ರಿ ಅಂಗಡಿಯ ಶುದ್ಧ ಅಸಿಟೋನ್ ಬೇಕು. ನೇಲ್‌ಪಾಲಿಶ್ ರಿಮೂವರ್‌ನಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತದೆ. ಎರಡು ಗಾಜಿನ ಬಟ್ಟಲು ತೆಗೆದುಕೊಳ್ಳಿ, ಪ್ಲಾಸ್ಟಿಕ್ ಕರಗುತ್ತದೆ. ಮೊದಲನೆಯದರಲ್ಲಿ ಹತ್ತು ನಿಮಿಷ, ಎರಡನೆಯದರಲ್ಲಿ ಒಂದು ನಿಮಿಷ, ನಡುವೆ ಒಮ್ಮೆ ಮಗುಚಿ, ಹೊರತೆಗೆದು ತಾನಾಗಿ ಆರಲು ಬಿಡಿ. ಉಜ್ಜಬಾರದು, ಒರೆಸಬಾರದು. ಗ್ಯಾಸ್ ಒಲೆ, ದೇವರ ದೀಪ ಹತ್ತಿರ ಇರಬಾರದು. ಬಣ್ಣ ಅಸಿಟೋನ್‌ಗೆ ಬಿಟ್ಟರೆ ಅದು ಶಾಯಿ ಅಥವಾ ವಾರ್ನಿಷ್, ಸಂಶಯವೇ ಇಲ್ಲ. ಹಸಿರು ಜಿಡ್ಡು ಕರಗಿದರೆ ಅದು ಪಿವಿಸಿ ಹೋಲ್ಡರ್‌ನ ಕಾಣಿಕೆ. ಸಲ್ಫೈಡ್ ಪದರ ಸಹಜವಾದರೂ ಕೃತಕವಾದರೂ ಕದಲುವುದಿಲ್ಲ. ಹಾಗಾಗಿ ‘ಅಸಿಟೋನ್‌ಗೆ ಹಾಕಿದರೂ ಹೋಗಲಿಲ್ಲ, ಅಸಲಿ’ ಎಂಬ ಮಾತಿಗೆ ಅರ್ಥವಿಲ್ಲ.

ಉಪ್ಪುಗಾಳಿಯಲ್ಲಿ ಕಾಪಾಡುವುದು

ಬಣ್ಣ ನೀಲಿಯಲ್ಲಿ ಚಂದ ಕಂಡಿತೆಂದು ಅಲ್ಲೇ ನಿಲ್ಲುವುದಿಲ್ಲ. ನಮ್ಮ ಹವೆಯಲ್ಲಿ ಅದು ಬೂದಿನತ್ತ ನಡೆಯುತ್ತಲೇ ಇರುತ್ತದೆ.

ಪ್ಯಾಕ್ ಮಾಡುವ ಕೆಲಸವನ್ನು ಡಿಸೆಂಬರ್-ಫೆಬ್ರವರಿಯ ಒಣ ದಿನಗಳಿಗೆ ಇಟ್ಟುಕೊಳ್ಳಿ. ಜುಲೈಯಲ್ಲಿ ಗಾಳಿಯಾಡದ ಡಬ್ಬಿ ಮುಚ್ಚಿದರೆ ಜುಲೈಯ ತೇವವನ್ನೇ ಒಳಗೆ ಬೀಗ ಹಾಕಿದಂತೆ. ನಾಣ್ಯವೊಂದಕ್ಕೆ ಅಕ್ರಿಲಿಕ್ ಕ್ಯಾಪ್ಸೂಲ್ ಅಥವಾ ಮೈಲಾರ್ (ಒಂದು ಬಗೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕಿಟಕಿಯ ರಟ್ಟಿನ ಹೋಲ್ಡರ್. ರಟ್ಟಿಗೆ ಹೊಡೆಯುವ ಸಾಮಾನ್ಯ ಪಿನ್ನು ಇಲ್ಲಿ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಪಿನ್ನೇ ಹಾಕಿ. ಮೆತ್ತಗೆ ಬಾಗುವ, ಹೊಸ ರೈನ್‌ಕೋಟಿನ ವಾಸನೆಯ ಪಾರದರ್ಶಕ ಪಾಕೀಟು ಪಿವಿಸಿ, ಅದು ಬೇಡ. ಅನುಮಾನವಿದ್ದರೆ ಹೊರಗೆ ಗಾಳಿಯಲ್ಲಿ ನಿಂತು, ಕೆಂಪಗೆ ಕಾಯಿಸಿದ ತಾಮ್ರದ ತಂತಿಯನ್ನು ಪಾಕೀಟಿನ ಚೂರಿಗೆ ತಾಗಿಸಿ ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ.

ಐದು ಲೀಟರಿನ ಡಬ್ಬಿಗೆ 100ರಿಂದ 150 ಗ್ರಾಂ ಬಣ್ಣ ಬದಲಿಸುವ ಕಿತ್ತಳೆ ಸಿಲಿಕಾ ಜೆಲ್, ಆರ್ದ್ರತೆ ಅಳೆಯುವ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್, ಬೆಳ್ಳಿ ಕಪ್ಪಾಗುವುದನ್ನು ತಡೆಯುವ ಒಂದು ಆಂಟಿ-ಟಾರ್ನಿಷ್ ಪಟ್ಟಿ. ಆರ್ದ್ರತೆ ಬೆಳ್ಳಿಗೆ ಶೇ. 50ರ ಒಳಗೆ, ತಾಮ್ರಕ್ಕೆ 40ರ ಒಳಗೆ. ಜೆಲ್ ಬಣ್ಣ ತಿರುಗಿದರೆ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟು, ತಣಿಸಿ ಮತ್ತೆ ಬಳಸಿ. ಮಳೆಗಾಲದಲ್ಲಿ ಇದು ತಿಂಗಳಿಗೊಮ್ಮೆಯೂ ಬೇಕಾಗಬಹುದು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮನೆಗೆ ತರಬೇಡಿ.

ಡಬ್ಬಿ ಇರುವುದು ಮರದ ಕಪಾಟಿನಲ್ಲಿ ಅಲ್ಲ, ಉಕ್ಕಿನದರಲ್ಲಿ. ಮರದಿಂದ ಹೊರಡುವ ಆಮ್ಲದ ಆವಿ ಲೋಹಕ್ಕೆ ಆಗುವುದಿಲ್ಲ. ಅಡುಗೆಮನೆಯ ಗೋಡೆ ಹಂಚಿಕೊಂಡ ಕೋಣೆಯೂ ಬೇಡ. ಮೊಟ್ಟೆ, ಒಣಮೀನು, ಗ್ಯಾಸಿಗೆ ವಾಸನೆ ಬರಲೆಂದು ಸೇರಿಸುವ ಮರ್ಕಾಪ್ಟಾನ್, ಇವೆಲ್ಲ ಗಂಧಕದ ಮೂಲಗಳೇ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಹಳೆಯ ಪತ್ರಿಕೆ ಡಬ್ಬಿಯ ಹತ್ತಿರವೂ ಸುಳಿಯಬಾರದು.

ಪ್ರತಿ ನಾಣ್ಯದ ಎರಡೂ ಮುಖಗಳನ್ನು ಅದೇ ದೀಪ, ಅದೇ ಬಿಳಿ ಕಾಗದದ ಮೇಲೆ ಮೇ ಕೊನೆಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಫೋಟೊ ತೆಗೆದಿಡಿ. ಅಂಚಿನ ಹಳದಿ ಕಂದುಗೆಂಪಿಗೆ ಸರಿದಿದ್ದರೆ ಡಬ್ಬಿ ಉಸಿರಾಡುತ್ತಿದೆ ಎಂದರ್ಥ. ಆಗ ಮೊದಲು ನೋಡಬೇಕಾದದ್ದು ಮುಚ್ಚಳದ ಸೀಲ್: ಅದು ಕಪ್ಪು ರಬ್ಬರಿನದ್ದಾದರೆ ಗಂಧಕ ಹೊರಗಿನಿಂದಲ್ಲ, ಅದರಿಂದಲೇ ಬರುತ್ತಿರಬಹುದು. ಸಿಲಿಕೋನ್ ಸೀಲಿನ ಡಬ್ಬಿಗೆ ಬದಲಾಯಿಸಿ.